ಸ್ಲೋ ಕುಕ್ಕರ್ ಶುರು ಮಾಡಿ ಒಂದು ತಿಂಗಳಾಯ್ತು, ಸಂಜೆ ಹೊತ್ತು ವಾಪಸ್ ಸಿಕ್ಕಿದೆ. ಆದ್ರೆ ಮೂರು ತೊಂದರೆ ಇದೆ, ಬಲ್ಲವರು ಹೇಳಿ

ಸಂಜೆದೀಪ

ಉಡುಗೊರೆಯಾಗಿ ಬಂದ ಸ್ಲೋ ಕುಕ್ಕರ್, ಅಂದ್ರೆ ಕರೆಂಟಲ್ಲಿ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸೋ ಪಾತ್ರೆ, ಎರಡು ವರ್ಷ ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ಪ್ರೆಷರ್ ಕುಕ್ಕರ್ ಅರ್ಧ ಗಂಟೆಯಲ್ಲಿ ಮುಗಿಸೋ ಕೆಲಸಕ್ಕೆ ಎಂಟು ಗಂಟೆ ಯಾರು ಕಾಯ್ತಾರೆ ಅಂದ್ಕೊಂಡು ಮುಟ್ಟಿರಲಿಲ್ಲ. ಆ ಎಂಟು ಗಂಟೆ ನಾನು ಮನೆಯಲ್ಲೇ ಇರಲ್ಲ ಅನ್ನೋದನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಕೆಲಸ ಮುಗಿಸಿ, ಮಗಳನ್ನ ಕರ್ಕೊಂಡು ನಾನು ಮನೆ ಸೇರೋದು ಆರೂವರೆಗೆ. ಅಲ್ಲಿಂದ ಎಂಟರವರೆಗೆ ಇಡೀ ದಿನದಲ್ಲೇ ಕಷ್ಟದ ಹೊತ್ತು. ಅವಳಿಗೆ ಹಸಿವು, ನನಗೆ ಸುಸ್ತು. ಒಂದು ಕೈಯಲ್ಲಿ ಚಾಕು ಇದ್ರೆ ಇನ್ನೊಂದು ಕೈಯನ್ನ ಅವಳು ಎಳೀತಿರ್ತಾಳೆ. ಈಗ ಅವಳು ಮಲಗಿದ ಮೇಲೆ ರಾತ್ರಿನೇ ಹೆಚ್ಚೋದನ್ನೆಲ್ಲ ಹೆಚ್ಚಿ, ತರಕಾರಿ ಒಂದು ಡಬ್ಬಿ, ಮಾಂಸ ಒಂದು ಡಬ್ಬಿ ಮಾಡಿ ಫ್ರಿಡ್ಜಿಗೆ ಹಾಕ್ತೀನಿ. ಬೆಳಿಗ್ಗೆ ಪಾತ್ರೆಗೆ ಸುರಿದು, ಮುಚ್ಚಳ ಇಟ್ಟು, ಲೋ ಕಡೆ ತಿರುಗಿಸಿ ಹೊರಟುಬಿಡ್ತೀನಿ. ಐದೇ ನಿಮಿಷ. ಮೊದಲ ದಿನ ಸಂಜೆ ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಮಗಳು ಚಪ್ಪಲಿ ಬಿಚ್ಚೋ ಮುಂಚೆನೇ "ಅಮ್ಮಾ, ಮನೇಲಿ ಯಾರಿದಾರೆ?" ಅಂದ್ಲು.

ಒಂದು ರಜೆ ದಿನ ಪಕ್ಕದಲ್ಲೇ ಕೂತು ನೋಡಿದೆ. ಮೊದಲ ಎರಡು ಗಂಟೆ ಏನೂ ಕಾಣಲ್ಲ. ಆಮೇಲೆ ಗಾಜಿನ ಮುಚ್ಚಳ ಮಂಜಾಗುತ್ತೆ, ಸಣ್ಣ ಹನಿಗಳು ಒಂದಕ್ಕೊಂದು ಸೇರಿ ಭಾರವಾಗಿ ಅಂಚಿನ ಕಡೆ ಜಾರ್ತವೆ. ಮುಚ್ಚಳಕ್ಕೂ ಪಾತ್ರೆಗೂ ಮಧ್ಯೆ ಸುತ್ತಲೂ ತೆಳ್ಳಗೆ ನೀರಿನ ಗೆರೆ ನಿಲ್ಲುತ್ತೆ. ಆಗಾಗ ಅದರಲ್ಲಿ ಒಂದು ಗುಳ್ಳೆ ಎದ್ದು ಒಡೆಯುತ್ತೆ, ಅಷ್ಟೇ ಸದ್ದು. ನನಗೆ ಅದನ್ನ ನೋಡ್ತಾ ಕೂರೋದೇ ಹಿತ ಅನ್ನಿಸ್ತು.

ಈಗ ತೊಂದರೆ. ಏನು ಮಾಡಿದ್ರೂ ನೀರು ನೀರಾಗುತ್ತೆ. ಮಾಂಸ ಹತ್ತಿ ಥರ ಬಿಟ್ಕೊಂಡಿದ್ರೂ ಕ್ಯಾರೆಟ್ ಗಟ್ಟಿಯಾಗೇ ಇರುತ್ತೆ. ಇನ್ನೊಂದು, ಯಾರೂ ಇಲ್ಲದ ಮನೇಲಿ ಹಗಲೆಲ್ಲ ಕರೆಂಟಲ್ಲಿ ಬಿಟ್ಟು ಹೋಗೋದು ಸರಿನಾ? ಕೆಲಸದಲ್ಲಿದ್ದಾಗ ಅದೇ ಯೋಚನೆ ಕಾಡುತ್ತೆ.

ಮೆಲ್ಲನೆಪಾಕ

ಸಂಜೆದೀಪ ಅವರೇ, ಹದಿನೈದು ವರ್ಷದಿಂದ ಬಳಸ್ತಿದೀನಿ. ಮೊದಲ ಎರಡಕ್ಕೆ ನಾನು ಹೇಳ್ತೀನಿ.

ನೀವು ನೋಡಿದ ಆ ಹನಿಗಳಲ್ಲೇ ಮೊದಲನೆಯದಕ್ಕೆ ಉತ್ತರ ಇದೆ. ಒಲೆ ಮೇಲೆ ಬೇಯಿಸುವಾಗ ಆವಿ ಹೊರಗೆ ಹೋಗುತ್ತೆ, ಸಾರು ತಾನೇ ಬತ್ತುತ್ತೆ. ಇಲ್ಲಿ ಆವಿ ಮುಚ್ಚಳಕ್ಕೆ ತಾಗಿ ಮತ್ತೆ ಪಾತ್ರೆಗೇ ಇಳಿಯುತ್ತೆ. ಅದರ ಮೇಲೆ ತರಕಾರಿ, ಮಾಂಸ ಎರಡೂ ತಮ್ಮದೇ ನೀರು ಬಿಡ್ತವೆ. ಹಾಗಾಗಿ ಒಲೆಗೆ ಹಾಕೋ ನೀರಿನ ಅರ್ಧ ಹಾಕಿ ಶುರು ಮಾಡಿ. ಈರುಳ್ಳಿ, ಟೊಮೆಟೊ ಜಾಸ್ತಿ ಇದ್ರೆ ಅದಕ್ಕಿಂತಲೂ ಕಡಿಮೆ ಸಾಕು. ಒಣ ಕಾಳಿಗೆ ಮಾತ್ರ ಈ ಮಾತು ಅನ್ವಯಿಸಲ್ಲ, ಅದು ನೀರು ಕುಡಿಯುತ್ತೆ. ಆದರೂ ತೆಳ್ಳಗಾದ್ರೆ, ತಿಳಿಯನ್ನಷ್ಟೇ ಒಂದು ಬಾಣಲೆಗೆ ಬಗ್ಗಿಸಿ ಒಲೆ ಮೇಲೆ ಹತ್ತು ನಿಮಿಷ ಕುದಿಸಿ ಬತ್ತಿಸಿ ವಾಪಸ್ ಹಾಕಿ. ನಾನು ಕೆಲವೊಮ್ಮೆ ಬೆಂದ ಆಲೂಗಡ್ಡೆ ಒಂದೆರಡನ್ನ ಪಾತ್ರೆಯಲ್ಲೇ ಹಿಸುಕಿಬಿಡ್ತೀನಿ, ಅದೇ ಗಟ್ಟಿ ಮಾಡುತ್ತೆ.

ಕ್ಯಾರೆಟ್ ವಿಷಯ ಎಲ್ಲರಿಗೂ ವಿಚಿತ್ರ ಅನ್ನಿಸುತ್ತೆ. ಗಟ್ಟಿ ಮಾಂಸವನ್ನ ಹಿಡಿದಿಡೋದು ಕೊಲಾಜೆನ್. ಅದು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಂಟೆಗಟ್ಟಲೆ ಬಿಸಿಯಲ್ಲಿ ಕರಗಿ ಜೆಲಾಟಿನ್ ಆಗುತ್ತೆ. ತರಕಾರಿಯನ್ನ ಹಿಡಿದಿಡೋದು ಪೆಕ್ಟಿನ್. ಅದು ಸಡಿಲ ಆಗೋಕೆ 85 ಡಿಗ್ರಿ ಹತ್ತಿರ ಬೇಕು. ಲೋ ಇಟ್ಟಾಗ ಪಾತ್ರೆ ಎಷ್ಟೋ ಹೊತ್ತು ಇವೆರಡರ ನಡುವೆನೇ ಇರುತ್ತೆ, ಅಷ್ಟರಲ್ಲಿ ಮಾಂಸ ಮೆತ್ತಗಾಗ್ತಾ ಬರುತ್ತೆ, ಕ್ಯಾರೆಟ್ ಇನ್ನೂ ಹಾಗೇ ಇರುತ್ತೆ. ಗಡ್ಡೆ ತರಕಾರಿಗಳನ್ನ ಬೆರಳ ಗಿಣ್ಣಿನಷ್ಟು ಸಣ್ಣಗೆ ಹೆಚ್ಚಿ ತಳಕ್ಕೆ, ಪಕ್ಕದ ಗೋಡೆಗೆ ತಾಗೋ ಹಾಗೆ ಹಾಕಿ. ಬಿಸಿ ಬರೋದು ಅಲ್ಲಿಂದ. ಮಾಂಸ ಅದರ ಮೇಲೆ. ಟೊಮೆಟೊ, ನಿಂಬೆರಸ, ವಿನೆಗರ್ ಇಂಥ ಹುಳಿ ಇದ್ರೆ ತರಕಾರಿ, ಕಾಳು ಎರಡೂ ಮೆತ್ತಗಾಗೋದು ತಡ. ಹುಳಿಯನ್ನ ಕೊನೇಲಿ ಸೇರಿಸಿ.

ಮತ್ತೆ, ಮುಚ್ಚಳ ತೆಗೀಬೇಡಿ. ಒಂದು ಸಲ ತೆಗೆದ್ರೆ ಒಳಗಿನ ಬಿಸಿ ಮತ್ತೆ ಮೊದಲಿನಂತಾಗೋಕೆ 20ರಿಂದ 30 ನಿಮಿಷ ಬೇಕು.

ತಂತಿಬಲ್ಲವ

ಮೂರನೆಯದಕ್ಕೆ ನಾನು ಬರೆಯುತ್ತೇನೆ, ವೈರಿಂಗ್ ಕೆಲಸವೇ ನನ್ನ ಕಸುಬು.

ಈ ಉಪಕರಣವನ್ನು ಮಾಡಿರುವುದೇ ಯಾರೂ ನೋಡಿಕೊಳ್ಳದೆ ಉರಿಯಲಿ ಎಂದು. ಅದು ಎಳೆಯುವ ಕರೆಂಟು ತೀರಾ ಕಡಿಮೆ. ಮನೆಬಳಕೆಯ ಮಧ್ಯಮ ಗಾತ್ರದ್ದು ಹೈನಲ್ಲೇ ಸುಮಾರು 200ರಿಂದ 300 ವಾಟ್, ಲೋನಲ್ಲಿ ಇನ್ನೂ ಕಡಿಮೆ. ಬಟ್ಟೆ ಇಸ್ತ್ರಿ ಪೆಟ್ಟಿಗೆ ಸುಮಾರು 1000 ವಾಟ್ ಇರುತ್ತದೆ. ನಿಮ್ಮದು 200 ವಾಟ್ ಆಗಿದ್ದು ಎಂಟು ಗಂಟೆ ಪೂರ್ತಿ ಉರಿದರೂ 1.6 ಯೂನಿಟ್.

ಆದರೆ ಎಚ್ಚರ ಬೇಕು. ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಿ, ಎಕ್ಸ್‌ಟೆನ್ಷನ್ ಬೇಡ. ಪ್ಲಗ್ಗು ಸಾಕೆಟ್ಟಿನಲ್ಲಿ ಸಡಿಲವಾಗಿ ಅಲ್ಲಾಡುತ್ತಿದ್ದರೆ ಮೊದಲು ಸಾಕೆಟ್ ಬದಲಾಯಿಸಿ. ನಾನು ನೋಡಿದ ಸುಟ್ಟ ಪ್ಲಗ್ಗುಗಳಲ್ಲಿ ಬಹುಪಾಲು ಹೀಗೆ ಸಡಿಲ ಇದ್ದವೇ. ಹೊರಮೈ ಬಿಸಿಯಾಗುತ್ತದೆ. ಸುತ್ತ ಒಂದು ಗೇಣು ಜಾಗ ಬಿಡಿ, ಪರದೆ, ಪೇಪರ್, ಪ್ಲಾಸ್ಟಿಕ್ ಡಬ್ಬಿ ಹತ್ತಿರ ಇರಬಾರದು. ವೈರು ಕಟ್ಟೆಯ ಅಂಚಿನಿಂದ ಕೆಳಗೆ ನೇತಾಡಬಾರದು, ಮಗು ಇರುವ ಮನೆಯಲ್ಲಂತೂ ಖಂಡಿತ ಬೇಡ.

ಇನ್ನು ಲೋ, ಹೈ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅನೇಕ ಮಾದರಿಗಳಲ್ಲಿ ಎರಡೂ ಕೊನೆಗೆ ಕುದಿಯುವ ಬಿಸಿಯ ಹತ್ತಿರಕ್ಕೇ ಹೋಗುತ್ತವೆ. ಹೈ ಮೂರು ನಾಲ್ಕು ಗಂಟೆಯಲ್ಲಿ ಮುಟ್ಟುತ್ತದೆ, ಲೋ ಏಳೆಂಟು ಗಂಟೆಯಲ್ಲಿ. ಹಾಗಾಗಿ ಲೋ ಇಟ್ಟರೆ ಎಷ್ಟು ಹೊತ್ತಾದರೂ ಅತಿಯಾಗಿ ಬೇಯುವುದಿಲ್ಲ ಎಂದು ನಂಬಬೇಡಿ.

ನಿಮ್ಮದು ಎರಡು ವರ್ಷ ಅಟ್ಟದಲ್ಲಿತ್ತು ಎಂದಿರಿ. ಒಂದು ಪರೀಕ್ಷೆ ಮಾಡಿ. ಅರ್ಧದಿಂದ ಮುಕ್ಕಾಲಿನಷ್ಟು ತಣ್ಣೀರು ತುಂಬಿ, ಮುಚ್ಚಳ ಹಾಕಿ, ಲೋನಲ್ಲಿ ಎಂಟು ಗಂಟೆ ಬಿಡಿ. ಮುಚ್ಚಳ ತೆಗೆದ ಕೂಡಲೇ ಅಡುಗೆ ಥರ್ಮಾಮೀಟರ್ ಅದ್ದಿ ನೋಡಿ. 85 ಡಿಗ್ರಿಗಿಂತ ಕಡಿಮೆ ತೋರಿಸಿದರೆ ಆ ಪಾತ್ರೆಯಲ್ಲಿ ಅಡುಗೆ ಬೇಡ.

ಖಾರಪ್ರಿಯ

ನನ್ನದು ಬೇರೆ ಅಭಿಪ್ರಾಯ, ಯಾರೂ ಬೇಜಾರು ಮಾಡ್ಕೋಬೇಡಿ. ಅಕ್ಕನ ಹತ್ತಿರ ತಂದು ಎರಡು ವಾರ ಬಳಸಿದೆ. ಸುಲಭ ಅನ್ನೋದು ನಿಜ. ಆದ್ರೆ ಏನು ಮಾಡಿದ್ರೂ ಒಂದೇ ರುಚಿ, ಒಂದೇ ಬಣ್ಣ. ಕೋಳಿನೂ ಅದೇ, ಕಾಳೂ ಅದೇ. ಬೆಳಿಗ್ಗೆ ಹಾಕಿದ ಕೊತ್ತಂಬರಿ ಸಂಜೆಗೆ ಕಪ್ಪಗೆ ದಾರದ ಥರ ಆಗಿರುತ್ತೆ. ನಾನು ಊಟವನ್ನ ತುಂಬಾ ಇಷ್ಟಪಡೋನು, ಸುಲಭ ಅಂತ ರುಚಿ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ. ವಾಪಸ್ ಕೊಟ್ಟೆ.

ಮೆಲ್ಲನೆಪಾಕ

ಖಾರಪ್ರಿಯ ಅಣ್ಣಾ, ನೀವು ಹೇಳಿದ್ದು ನಿಜ, ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೆ ಸುರಿದ್ರೆ ಹಾಗೇ ಆಗುತ್ತೆ. ನನಗೂ ಮೊದಲ ವರ್ಷ ಹಾಗೇ ಆಗಿತ್ತು.

ಹುರಿದ ಈರುಳ್ಳಿ, ಕೆಂಪಗೆ ಬಾಡಿಸಿದ ಮಾಂಸಕ್ಕೆ ಬರೋ ಆ ಘಮ ಸುಮಾರು 140 ಡಿಗ್ರಿ ಮೇಲೆ ಚೆನ್ನಾಗಿ ಹುಟ್ಟುತ್ತೆ. ನೀರಿರೋ ಪಾತ್ರೆ 100 ದಾಟಲ್ಲ. ಅಂದಮೇಲೆ ಎಂಟಲ್ಲ, ಹದಿನಾರು ಗಂಟೆ ಇಟ್ರೂ ಸ್ಲೋ ಕುಕ್ಕರಿಗೆ ಆ ರುಚಿ ಕೊಡೋಕೆ ಆಗಲ್ಲ. ಅದನ್ನ ನಾವೇ ಬಾಣಲೆಯಲ್ಲಿ ಮಾಡಿ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಎಣ್ಣೆಯಲ್ಲಿ ಹುರಿದು, ಅದೇ ಬಾಣಲೆಗೆ ಸ್ವಲ್ಪ ನೀರು ಹಾಕಿ, ತಳಕ್ಕೆ ಹಿಡಿದದ್ದನ್ನೂ ಕೆರೆದು ಪಾತ್ರೆಗೆ ಸುರೀತೀನಿ. ಹತ್ತು ನಿಮಿಷದ ಕೆಲಸ. ಇದನ್ನ ಬಿಟ್ಟವರ ಅಡುಗೆಗೂ ಮಾಡಿದವರ ಅಡುಗೆಗೂ ಸಂಬಂಧನೇ ಇರಲ್ಲ, ನನ್ನ ಮಟ್ಟಿಗೆ ಎಲ್ಲಾ ವ್ಯತ್ಯಾಸ ಇಲ್ಲೇ ಇದೆ.

ಒಣ ಎಲೆ, ಇಡೀ ಮಸಾಲೆ ಮೊದಲೇ ಹಾಕಿ. ಹಸಿ ಸೊಪ್ಪು, ನಿಂಬೆ, ಪುಡಿ ಮಾಡಿದ ಮೆಣಸು ಇವೆಲ್ಲ ಬಡಿಸೋ ಮುಂಚೆ. ಹಾಲು, ಕೆನೆ, ಮೊಸರು ಕೊನೆಯ ಅರ್ಧ ಗಂಟೆಯಲ್ಲಿ, ಇಲ್ಲಾಂದ್ರೆ ಒಡೆದುಹೋಗುತ್ತೆ. ಮೀನೂ ಕೊನೇಲೇ. ಕೋಳಿ ಎದೆಭಾಗ ಬೇಡ, ಅದರಲ್ಲಿ ಕೊಲಾಜೆನ್ ತೀರಾ ಕಡಿಮೆ, ಹಗಲೆಲ್ಲ ಇಟ್ರೆ ನಾರು ನಾರಾಗುತ್ತೆ. ಮೂಳೆ ಸಮೇತ ತೊಡೆಭಾಗ ಹಾಕಿ ನೋಡಿ.

ಹೊಸಮನೆ

ನಾನೂ ಕಳೆದ ವಾರವಷ್ಟೇ ತಗೊಂಡೆ. ಫ್ರೀಜರಿನಿಂದ ತೆಗೆದ ಮಾಂಸ ನೇರ ಹಾಕಬಹುದಾ? ಉಳಿದದ್ದನ್ನ ಮಾರನೇ ದಿನ ಅದರಲ್ಲೇ ಬಿಸಿ ಮಾಡಬಹುದಾ?

ತಂತಿಬಲ್ಲವ

ಎರಡೂ ಬೇಡ. 5ರಿಂದ 60 ಡಿಗ್ರಿ ನಡುವೆ ರೋಗಾಣು ಬೇಗ ಬೆಳೆಯುತ್ತವೆ. ಹೆಪ್ಪುಗಟ್ಟಿದ ಮಾಂಸ ಹಾಕಿದರೆ ಪಾತ್ರೆ ಆ ನಡುವಿನಲ್ಲೇ ಗಂಟೆಗಟ್ಟಲೆ ಉಳಿಯುತ್ತದೆ. ರಾತ್ರಿ ಫ್ರಿಡ್ಜಿನಲ್ಲಿ ಇಟ್ಟು ಪೂರ್ತಿ ಕರಗಿಸಿ ಹಾಕಿ. ಉಳಿದದ್ದನ್ನು ಒಲೆಯಲ್ಲಿ ಚೆನ್ನಾಗಿ ಕುದಿಸಿ, ಬೇಕಾದರೆ ಆಮೇಲೆ ಪಾತ್ರೆಗೆ ಹಾಕಿ ವಾರ್ಮ್‌ನಲ್ಲಿ (ಬರೀ ಬೆಚ್ಚಗಿಡುವ ಗುರುತಿನಲ್ಲಿ) ಇಡಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮೂರರಲ್ಲಿ ಎರಡು ಪಾಲು ಮೀರದಂತೆ ತುಂಬಿ.

ಕರೆಂಟಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನೀವು ಮನೆಯಲ್ಲಿದ್ದಾಗ ಹೋದರೆ ಒಲೆಗೆ ಬದಲಾಯಿಸಿ ಬೇಯಿಸಿಬಿಡಿ. ಹೊರಗಿದ್ದಾಗ ಹೋಗಿ ಎಷ್ಟು ಹೊತ್ತಿಗೆ ಬಂತು ಎಂದು ಗೊತ್ತಾಗದಿದ್ದರೆ, ನೋಡಲು ಬೆಂದಂತೆ ಕಂಡರೂ ಚೆಲ್ಲಿಬಿಡಿ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲಿ.

ಕೆಂಪುಹೂವು

ಇಷ್ಟು ಹೊತ್ತು ಓದ್ತಾ ಇದ್ದೆ. ರಾಜ್ಮಾ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ನನ್ನ ಮನೇಲಿ ಆದದ್ದನ್ನ ಹೇಳ್ತೀನಿ.

ಸ್ಲೋ ಕುಕ್ಕರ್ ತಂದ ಎರಡನೇ ವಾರ. ರಾತ್ರಿ ನೆನೆಸಿದ ಕೆಂಪು ರಾಜ್ಮಾವನ್ನ ಬೆಳಿಗ್ಗೆ ನೇರ ಪಾತ್ರೆಗೆ ಹಾಕಿ ಲೋನಲ್ಲಿ ಇಟ್ಟು ಹೋದೆ. ಸಂಜೆ ನೋಡಿದಾಗ ಕಾಳು ಒಂದಷ್ಟು ಗಟ್ಟಿ ಅನ್ನಿಸ್ತು, ತಿನ್ನಬಹುದು ಅಂದ್ಕೊಂಡು ಬಡಿಸಿದೆ. ಎರಡು ಗಂಟೆ ಕಳೆದಿಲ್ಲ, ಗಂಡನಿಗೆ ವಾಂತಿ. ಅವರ ಹಿಂದೆಯೇ ನನಗೆ, ಆಮೇಲೆ ಅತ್ತೆಗೆ. ಅತ್ತೆಗೆ ಎಪ್ಪತ್ತು ದಾಟಿದೆ. ಆ ರಾತ್ರಿ ಅವರ ಬೆನ್ನು ಸವರುತ್ತಾ ಬಚ್ಚಲಲ್ಲಿ ಕೂತಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಬೆಳಿಗ್ಗೆ ಹೊತ್ತಿಗೆ ಎಲ್ಲರೂ ಸುಧಾರಿಸಿಕೊಂಡೆವು. ಡಾಕ್ಟರು ಏನು ತಿಂದ್ರಿ ಅಂತ ಕೇಳಿ, ರಾಜ್ಮಾ ಅಂದ ಕೂಡಲೇ "ಕುದಿಸಿದ್ರಾ?" ಅಂದ್ರು. ಅಲ್ಲೀವರೆಗೆ ನನಗೆ ಅದು ಗೊತ್ತೇ ಇರಲಿಲ್ಲ.

ಆಮೇಲೆ ಓದಿ ತಿಳ್ಕೊಂಡೆ. ಆ ಕಾಳಲ್ಲಿ ಫೈಟೋಹೀಮಾಗ್ಲುಟಿನಿನ್ ಅನ್ನೋ ಲೆಕ್ಟಿನ್, ಅಂದ್ರೆ ವಿಷದಂತೆ ಕೆಲಸ ಮಾಡೋ ಒಂದು ಥರದ ಪ್ರೋಟೀನ್ ಇರುತ್ತೆ. ನಾಲ್ಕೈದು ಹಸಿ ಕಾಳು ತಿಂದ್ರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗುತ್ತೆ. 100 ಡಿಗ್ರಿಯಲ್ಲಿ ಹತ್ತು ನಿಮಿಷ ಕುದಿದ್ರೆ ಅದು ನಾಶ ಆಗುತ್ತೆ. ಆದ್ರೆ 80 ಡಿಗ್ರಿ ಸುತ್ತಮುತ್ತ ಬರೀ ಬೆಚ್ಚಗಾಗ್ತಾ ಇದ್ರೆ ನಾಶ ಆಗೋದಿರಲಿ, ಕಾಳಿನ ವಿಷ ಹಸಿ ಕಾಳಿಗಿಂತ ಐದು ಪಟ್ಟಿನವರೆಗೂ ಜಾಸ್ತಿ ಆಗಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸುತ್ತೆ. ಸ್ಲೋ ಕುಕ್ಕರ್ ಲೋನಲ್ಲಿ ಹೆಚ್ಚು ಹೊತ್ತು ಇರೋದೇ ಆ ಬಿಸಿಯಲ್ಲಿ.

ಈಗ ನಾನು ಮಾಡೋದು ಹೀಗೆ. ಕನಿಷ್ಠ ಐದು ಗಂಟೆ ನೆನೆಸ್ತೀನಿ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಒಲೆ ಮೇಲೆ ಕುದಿ ಬಂದ ಮೇಲೆ ಗಡಿಯಾರ ನೋಡಿ ಅರ್ಧ ಗಂಟೆ ಕೊತಕೊತ ಕುದಿಸ್ತೀನಿ. ಹತ್ತು ನಿಮಿಷ ಸಾಕಾದ್ರೂ ಒಳಗಿನವರೆಗೆ ಬಿಸಿ ಹೋಗಿದೆ ಅಂತ ಖಾತ್ರಿಯಾಗಲಿ ಅಂತ ಆ ಆಡಳಿತವೇ ಅರ್ಧ ಗಂಟೆ ಹೇಳುತ್ತೆ. ಆಮೇಲೆ ಸ್ಲೋ ಕುಕ್ಕರಿಗೆ. ಬಿಳಿ ರಾಜ್ಮಾಕ್ಕೂ ಹೀಗೇ, ಅದರಲ್ಲಿ ಕೆಂಪಿನ ಮೂರನೇ ಒಂದು ಪಾಲಿನಷ್ಟು ಇದೆ. ಡಬ್ಬದಲ್ಲಿ ಬೇಯಿಸಿಯೇ ಬರೋ ಕಾಳಿಗೆ ಇದು ಬೇಕಾಗಿಲ್ಲ.

ಸುಲಭ ಅಂತ ಹೇಳಿಕೊಡುವಾಗ ದಯವಿಟ್ಟು ಇದನ್ನೂ ಜೊತೆಗೇ ಹೇಳಿ. ನನಗೆ ಯಾರೂ ಹೇಳಿರಲಿಲ್ಲ.

ಸಂಜೆದೀಪ

ಕೆಂಪುಹೂವು ಅಕ್ಕಾ, ಓದಿ ಕೈ ನಡುಗ್ತು. ನಾಳೆ ಹಾಕೋಕೆ ಅಂತ ರಾಜ್ಮಾ ಈಗಷ್ಟೇ ನೆನೆಹಾಕಿದ್ದೆ. ನಿಮ್ಮ ಅತ್ತೆ ಈಗ ಹೇಗಿದಾರೆ?

ಕೆಂಪುಹೂವು

ಚೆನ್ನಾಗಿದಾರೆ. ಈಗ ರಾಜ್ಮಾ ಕುದಿಯೋವಾಗ ಗಡಿಯಾರ ನೋಡೋದು ಅವರೇ.

ಹಳೆಪುಟ

ಈ ಪಾತ್ರೆ ಹುಟ್ಟಿದ್ದೇ ಕಾಳಿಗಾಗಿ ಎಂದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1940ರಲ್ಲಿ ಸಿಕ್ಕಿತು. ಅವನು ಅದನ್ನು 'ನ್ಯಾಕ್ಸನ್ ಬೀನರಿ' (ಬೀನ್ ಎಂದರೆ ಕಾಳು) ಎಂಬ ಹೆಸರಲ್ಲಿ ಮಾರಿದ. ಅವನಿಗೆ ಪ್ರೇರಣೆ ತಾಯಿ ಹೇಳಿದ ಲಿಥುವೇನಿಯಾದ ನೆನಪು. ಯಹೂದಿಗಳು ಸಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗಿನ ವಿಶ್ರಾಂತಿಯ ದಿನ, ಬೆಂಕಿ ಹೊತ್ತಿಸುವುದಿಲ್ಲ. ಅದಕ್ಕೇ ಶುಕ್ರವಾರ ಸೂರ್ಯ ಮುಳುಗುವ ಮುನ್ನ ಕಾಳು, ಮಾಂಸ ತುಂಬಿದ ಮಡಕೆಯನ್ನು ಬೇಕರಿಗೆ ಒಯ್ದು, ಆರುತ್ತಿರುವ ಒಲೆಯೊಳಗೆ ಇಟ್ಟು ಬರುತ್ತಿದ್ದರು. ಚೋಲೆಂಟ್ ಎಂಬ ಆ ಅಡುಗೆ ರಾತ್ರಿಯಿಡೀ ಉಳಿದ ಕಾವಿನಲ್ಲೇ ಬೇಯುತ್ತಿತ್ತು. 1970ರಲ್ಲಿ ರೈವಲ್ ಎಂಬ ಕಂಪನಿ ನ್ಯಾಕ್ಸನ್‌ನ ಕಂಪನಿಯನ್ನು ಕೊಂಡು, 1971ರಲ್ಲಿ ಇದೇ ಪಾತ್ರೆಯನ್ನು 'ಕ್ರಾಕ್-ಪಾಟ್' ಎಂದು ಮಾರುಕಟ್ಟೆಗೆ ತಂದಿತು. ಮನೆಯಿಂದ ಹೊರಗೆ ದುಡಿಯುವ ಹೆಂಗಸರ ಸಂಖ್ಯೆ ಏರುತ್ತಿದ್ದ ಕಾಲ ಅದು. ಸಂಜೆದೀಪ ಅವರು ಬರೆದ ಆರೂವರೆಯ ಕಷ್ಟ ಆಗಲೂ ಎಷ್ಟೋ ಮನೆಗಳಲ್ಲಿ ಇದ್ದಿರಲೇಬೇಕು. ಒಳಪಾತ್ರೆ ಹೊರಗೆ ತೆಗೆದು ತೊಳೆಯುವಂತಾದದ್ದು 1974ರಲ್ಲಿ.

ಕೂತುಹೆಚ್ಚುವವಳು

ನಾನು ದುಡಿಯೋಕೆ ಹೋಗೋಳಲ್ಲ, ವಯಸ್ಸಾಗಿದೆ. ನನಗೆ ಇದು ಬೇರೆ ಥರ ಒದಗಿ ಬಂತು, ಹೇಳ್ತೀನಿ.

ಸಂಧಿವಾತ. ಬೆರಳು ಬೆಳಿಗ್ಗೆ ಹೊತ್ತು ಮಡಚೋಕೇ ಆಗಲ್ಲ, ಒಲೆ ಮುಂದೆ ಅರ್ಧ ಗಂಟೆ ನಿಂತ್ರೆ ಮಂಡಿ ಹಿಡಿಯುತ್ತೆ. ಸೊಸೆ ಒಳ್ಳೆಯವಳು, "ಬಿಡಿ ಅತ್ತೆ, ನಾನು ಮಾಡ್ತೀನಿ" ಅಂತಾಳೆ. ಆದ್ರೆ ನಲವತ್ತು ವರ್ಷ ಅಡುಗೆ ಮಾಡಿದೋಳಿಗೆ ಕೈ ಕಟ್ಟಿ ಕೂರೋದು ಇದೆಯಲ್ಲ, ಅದು ಮಂಡಿನೋವಿಗಿಂತ ದೊಡ್ಡ ನೋವು. ಮಗ ಈ ಪಾತ್ರೆ ತಂದುಕೊಟ್ಟ. ಈಗ ಮೇಜಿನ ಮುಂದೆ ಕುರ್ಚಿ ಹಾಕ್ಕೊಂಡು, ಒಂದು ಕ್ಯಾರೆಟ್ ಹೆಚ್ಚಿ, ಬೆರಳು ನೋವಾದ್ರೆ ಬಿಸಿನೀರಲ್ಲಿ ಅದ್ದಿ, ಇನ್ನೊಂದು ಹೆಚ್ಚಿ, ಬೆಳಿಗ್ಗೆಯೆಲ್ಲ ಹೀಗೇ ಮಾಡ್ತೀನಿ. ಅವಸರ ಇಲ್ಲ. ಹನ್ನೊಂದು ಗಂಟೆಗೆ ಹೈನಲ್ಲಿ ಇಟ್ರೆ ಸಂಜೆ ಎಲ್ಲರೂ ಬರೋ ಹೊತ್ತಿಗೆ ಸಿದ್ಧ. ಮೊನ್ನೆ ಮೊಮ್ಮಗ ಮತ್ತೆ ಬಡಿಸಿಕೊಂಡ.

ನನ್ನಂಥವರಿಗೆ ಒಂದು ಮಾತು. ಒಳಪಾತ್ರೆ ಖಾಲಿ ಇದ್ರೂ ಭಾರ, ತುಂಬಿದ ಮೇಲಂತೂ ಎತ್ತೋಕೆ ಹೋಗಬೇಡಿ. ಅದನ್ನ ಅದರ ಜಾಗದಲ್ಲೇ ಇಟ್ಟು ಒಂದೊಂದೇ ಸೌಟು ಬಡಿಸಿ. ಬಿಸಿ ಇರುವಾಗ ತಣ್ಣೀರು ಹಾಕಬೇಡಿ, ಸೆರಾಮಿಕ್ ಬಿರುಕು ಬಿಡುತ್ತೆ. ನನ್ನ ಮೊದಲನೇ ಪಾತ್ರೆ ಹೋಗಿದ್ದೇ ಹಾಗೆ, "ಟಪ್" ಅಂತ ಒಂದೇ ಸದ್ದು, ತಳದಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ.

ಖಾರಪ್ರಿಯ

ಅಮ್ಮಾ, ನಿಮ್ಮದನ್ನ ಓದಿ ನನ್ನ ತಾಯಿಗೆ ಫೋನ್ ಮಾಡಿದೆ. ಅವರಿಗೂ ಮಂಡಿನೋವು. ಅಕ್ಕನ ಹತ್ತಿರ ಇರೋದನ್ನ ಮತ್ತೆ ತರ್ತಿದೀನಿ, ಈ ಸಲ ತಾಯಿ ಮನೆಗೆ. ಮೆಲ್ಲನೆಪಾಕ ಅವರು ಹೇಳಿದ ಹಾಗೆ ಹುರಿಯೋ ಕೆಲಸ ಹಿಂದಿನ ದಿನ ನಾನೇ ಹೋಗಿ ಮಾಡಿಕೊಡ್ತೀನಿ. ಹುರಿದದ್ದನ್ನ ಫ್ರಿಡ್ಜಲ್ಲಿಟ್ರೆ ಆಗುತ್ತಲ್ವಾ?

ಮೆಲ್ಲನೆಪಾಕ

ಹುರಿದ ಈರುಳ್ಳಿ, ಮಸಾಲೆ ಆಗುತ್ತೆ, ಆದ್ರೆ ಆರಿಸಿ, ಹುರಿದ ಎರಡು ಗಂಟೆಯೊಳಗೆ ಫ್ರಿಡ್ಜಿಗೆ ಹೋಗಲಿ. ಮಾಂಸವನ್ನ ಮಾತ್ರ ಅರೆಬರೆ ಬಾಡಿಸಿ ರಾತ್ರಿಯೆಲ್ಲ ಇಡಬೇಡಿ, ಅದನ್ನ ಬಾಡಿಸಿದ ಕೂಡಲೇ ಪಾತ್ರೆಗೆ ಹಾಕಬೇಕು. ತಾಯಿಗೆ ಮೊದಲು ಕಾಳು, ತರಕಾರಿದೇ ಮಾಡಿಕೊಡಿ, ಅದು ಸುಲಭ.

ಸಂಜೆದೀಪ

ನಾಲ್ಕು ದಿನ ಬಿಟ್ಟು ಬರೀತಿದೀನಿ. ನೀರಿನ ಪರೀಕ್ಷೆ ಮಾಡಿದೆ, ಎಂಟು ಗಂಟೆಗೆ 94 ಡಿಗ್ರಿ ತೋರಿಸ್ತು. ಸಾಕೆಟ್ ಬಿಗಿಯಾಗಿದೆ, ಪಾತ್ರೆಯನ್ನ ಪರದೆಯಿಂದ ದೂರ ಸರಿಸಿದೆ. ಕೆಲಸದಲ್ಲಿ ಈಗ ಆ ಚಿಂತೆ ಇಲ್ಲ.

ರಾಜ್ಮಾ ಅರ್ಧ ಗಂಟೆ ಕುದಿಸಿ ಹಾಕಿದೆ, ಕ್ಯಾರೆಟ್ ಗಿಣ್ಣಿನಷ್ಟು ಹೆಚ್ಚಿ ತಳಕ್ಕೆ. ಟೊಮೆಟೊ ಬೆಳಿಗ್ಗೆ ಹಾಕಲಿಲ್ಲ. ಸಂಜೆ ಬಂದು ಬಾಣಲೆಯಲ್ಲಿ ಬೇರೆ ಬೇಯಿಸಿ ಸೇರಿಸಿ, ಮುಚ್ಚಳ ಹಾಕಿ ಅರ್ಧ ಗಂಟೆ ಬಿಟ್ಟೆ. ಆ ಅರ್ಧ ಗಂಟೆ ಮಗಳೂ ನಾನೂ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬಿದ್ವಿ. ಕ್ಯಾರೆಟ್ ಚಮಚಕ್ಕೆ ಮುರೀತು. ಅವಳು ಬಿಡಿಸಿದ್ದು ಒಂದು ದೊಡ್ಡ ದುಂಡು ಪಾತ್ರೆ, ಮೇಲೆ ನೀಲಿ ಬಣ್ಣದ ಹನಿಗಳು. ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದೀನಿ.